ಕೊಳಗದ ಲೆಕ್ಕ, ಮನದ ಲೆಕ್ಕ

ಲಾಭವಿಲ್ಲದೆ ಯಾರೂ ಏನನ್ನೂ ಮಾಡರೆಂಬ ಮಾತು ಸಂತೆಯಲ್ಲಿಯೂ ಕೇಳಿಬರುತ್ತದೆ, ಜಗಲಿಯ ಮೇಲೆಯೂ ಕೇಳಿಬರುತ್ತದೆ. ಹಿರಿಯರು ಅದನ್ನು ಬೇಸರದಿಂದ ಆಡುತ್ತಾರೆ. ಕಿರಿಯರು ಜಾಣತನವೆಂದು ಆಡುತ್ತಾರೆ. ಕಳೆದ ಶತಮಾನದ ನಡುಭಾಗದಿಂದೀಚೆಗೆ ಇದೇ ಮಾತು ಶಾಸ್ತ್ರದ ಉಡುಗೆಯನ್ನು ತೊಟ್ಟು ವಿಶ್ವವಿದ್ಯಾಲಯಗಳ ಪೀಠವನ್ನೇರಿತು. ಅರ್ಥಶಾಸ್ತ್ರದಲ್ಲಿ ಹುಟ್ಟಿ ರಾಜ್ಯಶಾಸ್ತ್ರ, ಸಮಾಜಶಾಸ್ತ್ರಗಳಿಗೂ ಹಬ್ಬಿದ ಈ ವಾದಕ್ಕೆ ವಿವೇಕಯುತ ಆಯ್ಕೆಯ ಸಿದ್ಧಾಂತವೆಂದು ಹೆಸರು. ಮನುಷ್ಯನ ನಡತೆಯನ್ನೆಲ್ಲ ಅವನವನ ಹಿತದ ಲೆಕ್ಕದಿಂದಲೇ ಅರಿಯಬಹುದೆ? ಹಾಗೆ ಅರಿತುದು ನಿಜವಾದ ಅರಿವೆ? ಧರ್ಮಾರ್ಥಿಗಳಾದ ಗೃಹಸ್ಥರಿಗೆ ಇದು ಕೇವಲ ಪಂಡಿತರ ಜಗಳವಲ್ಲ. ಏಕೆಂದರೆ ತನ್ನನ್ನು ತಾನು ಲಾಭದ ಯಂತ್ರವೆಂದು ನಂಬಿದವನು ಬರಬರುತ್ತ ಯಂತ್ರದಂತೆಯೇ ನಡೆಯತೊಡಗುತ್ತಾನೆ.

ಎದುರಾಳಿಯ ವಾದವನ್ನು ಮೊದಲು ನ್ಯಾಯವಾಗಿ ಹೇಳುವುದು ವಿಚಾರಶೀಲರ ಲಕ್ಷಣ. ಈ ಸಿದ್ಧಾಂತವು ಮನುಷ್ಯನನ್ನು ದುಷ್ಟನೆಂದು ಹಳಿಯುವುದಿಲ್ಲ. ತನಗೆ ಯಾವುದು ಬೇಕು, ಯಾವುದು ಅದಕ್ಕಿಂತ ಹೆಚ್ಚು ಬೇಕು ಎಂಬುದನ್ನು ಅವನು ಬಲ್ಲನು. ಆ ಇಷ್ಟಗಳಲ್ಲಿ ಪರಸ್ಪರ ವಿರೋಧವಿರುವುದಿಲ್ಲ. ಕೈಯಲ್ಲಿರುವ ಹಣ, ಸಮಯ, ತಿಳಿವಳಿಕೆಗಳ ಮಿತಿಯೊಳಗೆ ಅವನು ತನ್ನ ಇಷ್ಟಕ್ಕೆ ಅತ್ಯುತ್ತಮವಾದ ದಾರಿಯನ್ನೇ ಆರಿಸುತ್ತಾನೆ. ಇಷ್ಟೇ ಅದರ ತಿರುಳು. ತೀರ್ಥಹಳ್ಳಿಯ ಕಡೆಯ ತೋಟಗಾರನು ಅಡಿಕೆಯನ್ನು ಹಸಿಯಾಗಿಯೇ ಮಾರಬೇಕೆ, ಸುಲಿಸಿ ಬೇಯಿಸಿ ಒಣಗಿಸಿ ಮಾರಬೇಕೆ, ಇಂದೇ ಮಾರಬೇಕೆ, ಧಾರಣೆ ಏರುವವರೆಗೆ ಕಾಯಬೇಕೆ ಎಂದು ಎಣಿಸುವಾಗ ಈ ಸಿದ್ಧಾಂತವು ಅವನನ್ನು ಬಹುಮಟ್ಟಿಗೆ ಸರಿಯಾಗಿಯೇ ವರ್ಣಿಸುತ್ತದೆ. ಮನೆ ನಡೆಸುವವನಿಗೆ ಲೆಕ್ಕ ಬೇಕು. ಲೆಕ್ಕವಿಲ್ಲದ ಮನೆಯಲ್ಲಿ ದಾಸೋಹವೂ ನಿಲ್ಲಲಾರದು.

ತೊಡಕು ಮೊದಲಾಗುವುದು ಹಲವರು ಕೂಡಿ ಮಾಡಬೇಕಾದ ಕಾರ್ಯದಲ್ಲಿ. ಅಮೆರಿಕದ ಅರ್ಥಶಾಸ್ತ್ರಜ್ಞ ಮ್ಯಾನ್ಕರ್ ಓಲ್ಸನ್ ೧೯೬೫ರಲ್ಲಿ ಪ್ರಕಟಿಸಿದ ಸಾಮೂಹಿಕ ಕ್ರಿಯೆಯ ತರ್ಕವನ್ನು ಕುರಿತ ಗ್ರಂಥದಲ್ಲಿ ಆ ತೊಡಕನ್ನು ಸ್ಪಷ್ಟವಾಗಿ ತೋರಿಸಿದನು. ಒಂದು ದೊಡ್ಡ ಗುಂಪು ಹೋರಾಡಿ ಪಡೆದ ಫಲವು ಹೋರಾಡಿದವನಿಗೂ ಹೋರಾಡದವನಿಗೂ ಸಮನಾಗಿ ಸಿಕ್ಕುವುದಾದರೆ, ಲೆಕ್ಕ ಬಲ್ಲವನು ಮನೆಯಲ್ಲಿಯೇ ಕುಳಿತಿರುತ್ತಾನೆ. ಕಷ್ಟವನ್ನು ಇತರರು ಪಡಲಿ, ಫಲವು ತನಗೂ ಬರುತ್ತದೆ. ಎಲ್ಲರೂ ಹೀಗೆಯೇ ಎಣಿಸಿದರೆ ಯಾರೂ ಏಳುವುದಿಲ್ಲ, ಫಲವೂ ಬರುವುದಿಲ್ಲ. ಆದುದರಿಂದ ಬಲಾತ್ಕಾರವೋ ವೈಯಕ್ತಿಕವಾದ ಬೇರೊಂದು ಲಾಭವೋ ಇಲ್ಲದೆ ದೊಡ್ಡ ಗುಂಪುಗಳು ತಮ್ಮ ಹಿತಕ್ಕಾಗಿಯೂ ಒಗ್ಗೂಡಲಾರವೆಂದು ಓಲ್ಸನ್ ತೀರ್ಮಾನಿಸಿದನು.

ಈ ತೀರ್ಮಾನವನ್ನು ಒರೆಗೆ ಹಚ್ಚಲು ದೂರ ಹೋಗಬೇಕಾಗಿಲ್ಲ. ಆ ಗ್ರಂಥವು ಹೊರಬರುವುದಕ್ಕೆ ಹದಿನಾಲ್ಕು ವರ್ಷ ಮೊದಲೇ ಸಾಗರ ತಾಲ್ಲೂಕಿನ ಕಾಗೋಡು ಎಂಬ ಊರಿನಲ್ಲಿ ಒಂದು ಕೊಳಗದ ಸುತ್ತ ಈ ಪ್ರಶ್ನೆ ಎದ್ದುನಿಂತಿತ್ತು.

ಅಂದಿನ ಮಲೆನಾಡಿನಲ್ಲಿ ಗದ್ದೆಯನ್ನು ಉಳುವವರು ಬೇರೆ, ಒಡೆಯರು ಬೇರೆ. ಸಾಗರದ ಸೀಮೆಯ ಗೇಣಿದಾರರಲ್ಲಿ ಹೆಚ್ಚಿನವರು ದೀವರು. ಭೂಮಾಲಿಕರಲ್ಲಿ ಬ್ರಾಹ್ಮಣರೂ ಇದ್ದರು, ವೀರಶೈವರೂ ಇದ್ದರು. ಕಾಗೋಡಿನ ಒಡೆಯರು ವೀರಶೈವರೇ ಆಗಿದ್ದರು. ಸುಗ್ಗಿ ಮುಗಿದೊಡನೆ ಗೇಣಿಯ ಭತ್ತವನ್ನು ಒಡೆಯರಿಗೆ ಕೊಳಗದಿಂದ ಅಳೆದುಕೊಡಬೇಕು. ರೂಢಿಯ ಕೊಳಗವು ಮೂರು ಸೇರಿನದು. ಒಡೆಯರು ಗೇಣಿಯನ್ನು ಅಳೆದುಕೊಳ್ಳುವ ಕೊಳಗವು ಅದಕ್ಕಿಂತ ಹಿರಿದು ಎಂಬುದು ಗೇಣಿದಾರರ ದೂರು. ಅಳತೆ ಸರಿಯಾಗಿರಲಿ, ಕೊಟ್ಟ ಗೇಣಿಗೆ ರಸೀತಿ ದೊರೆಯಲಿ, ಬಿಟ್ಟಿ ದುಡಿಮೆ ನಿಲ್ಲಲಿ ಎಂದು ಅವರು ಕೇಳಿದರು. ಎಚ್. ಗಣಪತಿಯಪ್ಪನವರ ಮುಂದಾಳುತನದಲ್ಲಿ ರೈತಸಂಘವು ಈ ಬೇಡಿಕೆಗಳಿಗೆ ದನಿಯಾಯಿತು. ೧೯೫೧ರ ಏಪ್ರಿಲ್ ತಿಂಗಳಲ್ಲಿ ಸತ್ಯಾಗ್ರಹ ಮೊದಲಾಯಿತು. ಉಳಬಾರದೆಂದು ತಡೆದ ಗದ್ದೆಗೆ ನೇಗಿಲು ಹೊತ್ತು ಇಳಿಯುವುದು, ಪೊಲೀಸರು ಹಿಡಿದಾಗ ಸೆರೆಮನೆಗೆ ನಡೆಯುವುದು, ಮರುದಿನ ಮತ್ತೊಂದು ತಂಡ ಇಳಿಯುವುದು, ಇದು ಅದರ ಕ್ರಮ. ಸಮಾಜವಾದಿ ಪಕ್ಷವು ಬೆಂಬಲಕ್ಕೆ ನಿಂತಿತು. ತೀರ್ಥಹಳ್ಳಿ ತಾಲ್ಲೂಕಿನ ಆರಗದವರಾದ ಶಾಂತವೇರಿ ಗೋಪಾಲಗೌಡರು ಅದರ ಮುಂಚೂಣಿಗೆ ಬಂದರು. ಜೂನ್ ತಿಂಗಳಲ್ಲಿ ಡಾ. ರಾಮಮನೋಹರ ಲೋಹಿಯಾ ಅವರು ಕಾಗೋಡಿಗೆ ಬಂದು ಬಂಧನಕ್ಕೊಳಗಾದರು. ಮರುವರ್ಷದ ಚುನಾವಣೆಯಲ್ಲಿ ಸಾಗರ-ಹೊಸನಗರ ಕ್ಷೇತ್ರವು ಗೋಪಾಲಗೌಡರನ್ನು ಮೈಸೂರು ವಿಧಾನಸಭೆಗೆ ಕಳುಹಿತು; ಮುಂದೆ ೧೯೬೨ರಲ್ಲಿಯೂ ೧೯೬೭ರಲ್ಲಿಯೂ ತೀರ್ಥಹಳ್ಳಿ ಕ್ಷೇತ್ರವು ಅವರನ್ನು ಆರಿಸಿತು.

ಈಗ ಒಬ್ಬ ಗೇಣಿದಾರನ ಸ್ಥಾನದಲ್ಲಿ ನಿಂತು ಲೆಕ್ಕ ಹಾಕಬೇಕು. ಕೊಳಗವೊಂದಕ್ಕೆ ಅರ್ಧ ಸೇರು ಹೆಚ್ಚು ಹೋಗುತ್ತಿತ್ತೆಂದು ಎಣಿಸಿದರೂ ನೂರು ಕೊಳಗಕ್ಕೆ ಐವತ್ತು ಸೇರು ಭತ್ತ. ಬಡವನಿಗೆ ಅದು ಸಣ್ಣದಲ್ಲ. ಆದರೆ ಅದರ ಎದುರಿಗಿಡಬೇಕಾದುದು ಏನು? ಉಳುವ ಗದ್ದೆ ಕೈಬಿಡುವ ಭಯ, ಮಳೆಗಾಲದ ಮುಂದಿನ ಬಿತ್ತನೆಯ ವೇಳೆಯಲ್ಲಿ ಸೆರೆವಾಸ, ಮನೆಯಲ್ಲಿ ಹೆಂಡತಿ ಮಕ್ಕಳ ಹಸಿವು. ಗೆದ್ದರೆ ಸರಿಯಾದ ಕೊಳಗವು ಸತ್ಯಾಗ್ರಹಕ್ಕೆ ಹೋಗದವನ ಮನೆಗೂ ಬರುತ್ತದೆ. ಓಲ್ಸನ್ನನ ತರ್ಕದಂತೆ ಆ ಗೇಣಿದಾರನು ಬಾಗಿಲು ಮುಚ್ಚಿಕೊಂಡು ಒಳಗಿರಬೇಕಿತ್ತು. ಅವನು ಹೊರಗೆ ಬಂದನು. ಒಬ್ಬನಲ್ಲ, ತಂಡತಂಡವಾಗಿ ಬಂದರು.

ಸಿದ್ಧಾಂತದ ಪಕ್ಷದವರು ಇದಕ್ಕೆ ಉತ್ತರವಿಲ್ಲದವರಲ್ಲ. ರೈತರ ದಂಗೆಗಳನ್ನು ಕುರಿತೇ ಪಾಶ್ಚಾತ್ಯ ವಿದ್ವಾಂಸರಲ್ಲಿ ಒಂದು ಪ್ರಸಿದ್ಧ ವಾದ ನಡೆಯಿತು. ಜೇಮ್ಸ್ ಸ್ಕಾಟ್ ೧೯೭೬ರಲ್ಲಿ, ಆಗ್ನೇಯ ಏಷ್ಯದ ರೈತರನ್ನು ಅಭ್ಯಸಿಸಿ, ರೈತನು ಎದ್ದು ನಿಲ್ಲುವುದು ಲಾಭದ ಆಸೆಯಿಂದಲ್ಲ, ಬದುಕುವ ಹಕ್ಕಿಗೆ ಚ್ಯುತಿ ಬಂದಿತೆಂಬ ನೈತಿಕ ಕೋಪದಿಂದ ಎಂದು ಪ್ರತಿಪಾದಿಸಿದನು. ಒಡೆಯನು ಎಷ್ಟು ತೆಗೆದುಕೊಂಡನು ಎಂಬುದಕ್ಕಿಂತ ಎಷ್ಟು ಉಳಿಸಿದನು ಎಂಬುದೇ ರೈತನ ಅಳತೆ. ೧೯೭೯ರಲ್ಲಿ ಸ್ಯಾಮ್ಯುಅಲ್ ಪಾಪ್ಕಿನ್ ವಿಯೆಟ್ನಾಮಿನ ರೈತರನ್ನು ಮುಂದಿಟ್ಟು ಇದನ್ನು ಅಲ್ಲಗಳೆದನು. ರೈತನೂ ಲೆಕ್ಕ ಹಾಕುವವನೇ. ನಂಬಿಕೆಗೆ ಅರ್ಹನಾದ ಮುಂದಾಳು ದೊರೆತು, ಕೈಗೆಟುಕುವ ಫಲ ಕಂಡಾಗ ಮಾತ್ರ ಅವನು ಕೂಡುತ್ತಾನೆ. ಹಳೆಯ ಹಳ್ಳಿಯನ್ನು ಸ್ನೇಹದ ಬೀಡೆಂದು ಬಣ್ಣಿಸುವುದು ಭ್ರಮೆ ಎಂಬುದು ಅವನ ವಾದ.

ಕಾಗೋಡಿನ ಸಂಗತಿ ಇಬ್ಬರಿಗೂ ಸ್ವಲ್ಪ ಸ್ವಲ್ಪ ಸಾಕ್ಷಿ ನುಡಿಯುತ್ತದೆ. ಪಾಪ್ಕಿನ್ ಹೇಳಿದಂತೆ ಅಲ್ಲಿ ಸಂಘವಿತ್ತು, ನಂಬಬಹುದಾದ ಮುಂದಾಳುಗಳಿದ್ದರು, ಹೊರಗಿನ ಪಕ್ಷದ ಬಲವಿತ್ತು. ಕೇವಲ ಕೋಪದಿಂದ ಸತ್ಯಾಗ್ರಹ ನಡೆಯಲಿಲ್ಲ. ಆದರೆ ಮುಂದಾಳು ಕರೆದ ಮಾತ್ರಕ್ಕೆ ಸೆರೆಮನೆಗೆ ಹೋಗಲು ಒಂದು ಕಾರಣ ಬೇಕಲ್ಲವೆ? ಆ ಕಾರಣವನ್ನು ಭತ್ತದ ಸೇರುಗಳಲ್ಲಿ ಅಳೆದು ಮುಗಿಸಲಾಗುವುದಿಲ್ಲ. ದುಡಿದವನ ಕಣ್ಣೆದುರಿನಲ್ಲಿಯೇ ಅಳತೆ ತಪ್ಪುವುದು ಭತ್ತದ ನಷ್ಟ ಮಾತ್ರವಲ್ಲ. ನೀನು ಪ್ರಶ್ನಿಸತಕ್ಕವನಲ್ಲ ಎಂಬ ಮಾತನ್ನು ಆಡದೆಯೇ ಆಡಿದಂತೆ. ಭತ್ತ ಹೋದರೆ ಹೊಟ್ಟೆ ನೋಯುತ್ತದೆ. ಈ ಮಾತು ತಗುಲಿದರೆ ಮನುಷ್ಯತ್ವವೇ ನೋಯುತ್ತದೆ.

ಅರ್ಥಶಾಸ್ತ್ರಜ್ಞರ ನಡುವಿನಿಂದಲೇ ಈ ಕೊರತೆಯನ್ನು ಎತ್ತಿ ತೋರಿದವರು ಅಮರ್ತ್ಯ ಸೇನರು. ೧೯೭೭ರಲ್ಲಿ ಪ್ರಕಟವಾದ ತಮ್ಮ ಪ್ರಬಂಧದಲ್ಲಿ ಅವರು ಕೇವಲ ಸ್ವಹಿತವನ್ನೇ ಎಣಿಸುವ ಶಾಸ್ತ್ರಕಲ್ಪಿತ ಮನುಷ್ಯನನ್ನು ವಿವೇಕಿಯಾದ ಮೂಢನೆಂದು ಕರೆದರು. ಅನುಕಂಪೆ ಬೇರೆ, ಬದ್ಧತೆ ಬೇರೆ ಎಂಬುದು ಅವರ ಮುಖ್ಯ ವಿವೇಚನೆ. ಇನ್ನೊಬ್ಬನ ನೋವನ್ನು ಕಂಡು ತನಗೂ ನೋವಾಗುವುದರಿಂದ ನೆರವಾಗುವುದು ಅನುಕಂಪೆ. ಅಲ್ಲಿ ತನ್ನ ನೋವಿನ ಪರಿಹಾರವೂ ಸೇರಿದೆ. ತನಗೆ ನಷ್ಟವೇ ಆಗುವುದೆಂದು ತಿಳಿದೂ ಅನ್ಯಾಯವು ನಡೆಯಬಾರದೆಂದು ನಿಲ್ಲುವುದು ಬದ್ಧತೆ. ಲಾಭದ ಲೆಕ್ಕವು ಅನುಕಂಪೆಯನ್ನು ಹೇಗೋ ತನ್ನೊಳಗೆ ಸೇರಿಸಿಕೊಂಡೀತು, ಬದ್ಧತೆಯನ್ನು ಸೇರಿಸಿಕೊಳ್ಳಲಾರದು.

ಇಲ್ಲಿ ಒಂದು ಜಾಣ ಉತ್ತರವುಂಟು. ಸೆರೆಮನೆಗೆ ಹೋದವನಿಗೂ ತೃಪ್ತಿ ದೊರೆಯಿತಲ್ಲ, ಆ ತೃಪ್ತಿಯೇ ಅವನ ಲಾಭ ಎನ್ನುವರು. ಹೀಗೆಂದರೆ ಸಿದ್ಧಾಂತವು ಸೋಲುವುದೇ ಇಲ್ಲ; ಆದರೆ ಏನನ್ನೂ ಹೇಳಿದಂತೆಯೂ ಆಗುವುದಿಲ್ಲ. ಕದ್ದವನೂ ಲಾಭಕ್ಕಾಗಿ, ಕೊಟ್ಟವನೂ ಲಾಭಕ್ಕಾಗಿ ಎಂದಮೇಲೆ ಲಾಭವೆಂಬ ಶಬ್ದಕ್ಕೆ ಅರ್ಥವೇ ಉಳಿಯದು. ೧೯೯೪ರಲ್ಲಿ ಡೊನಾಲ್ಡ್ ಗ್ರೀನ್ ಮತ್ತು ಇಯಾನ್ ಶಪಿರೊ ಎಂಬ ರಾಜ್ಯಶಾಸ್ತ್ರಜ್ಞರು ಈ ಪಂಥದ ಬರಹಗಳನ್ನು ಪರೀಕ್ಷಿಸಿ, ಸಂಗತಿಗಳು ಸಿದ್ಧಾಂತಕ್ಕೆ ಹೊಂದದಿದ್ದಾಗ ಸಿದ್ಧಾಂತವನ್ನು ತಿದ್ದದೆ ವಿವರಣೆಯನ್ನೇ ಹಿಗ್ಗಿಸುವ ಈ ದೋಷವನ್ನು ಎತ್ತಿ ಆಡಿದರು.

ಹಾಗಾದರೆ ಲೆಕ್ಕವೇ ಕೆಟ್ಟದ್ದೆ? ಅಲ್ಲ. ಸಾಗರ, ಹೊಸನಗರ, ತೀರ್ಥಹಳ್ಳಿಗಳ ಹಳ್ಳಿಗಳಲ್ಲಿ ನಡೆದುಬಂದ ಮುಯ್ಯಾಳಿನ ಪದ್ಧತಿಯನ್ನು ನೋಡಬಹುದು. ನಟ್ಟಿಯ ಕಾಲದಲ್ಲಿ ಒಬ್ಬನ ಗದ್ದೆಗೆ ನೆರೆಯವರು ಬರುತ್ತಾರೆ. ಅವರ ಗದ್ದೆಗೆ ಇವನು ಹೋಗುತ್ತಾನೆ. ಎಷ್ಟು ಆಳು ಬಂದರು, ಎಷ್ಟು ಆಳು ಹೋಗಬೇಕು ಎಂಬುದು ಎರಡು ಮನೆಗೂ ಗೊತ್ತು. ಲೆಕ್ಕವಿದೆ, ಆದರೆ ಅದು ಬಾಂಧವ್ಯದೊಳಗಿನ ಲೆಕ್ಕ; ನೆರೆಯವನು ಕಾಯಿಲೆ ಬಿದ್ದ ವರ್ಷ ಯಾರೂ ಬಾಕಿ ಕೇಳಲು ಹೋಗುವುದಿಲ್ಲ. ಎಲಿನಾರ್ ಆಸ್ಟ್ರಮ್ ಎಂಬ ವಿದುಷಿಯು ಇಂತಹ ಜನರನ್ನೇ ಹಲವು ದೇಶಗಳಲ್ಲಿ ಅಭ್ಯಸಿಸಿ, ಮೇವಿನ ಭೂಮಿ, ಕಾಡು, ನೀರುಗಳನ್ನು ಹಳ್ಳಿಗರು ತಾವೇ ಕಟ್ಟಳೆಗಳನ್ನು ಮಾಡಿ ತಲೆಮಾರುಗಳ ಕಾಲ ಕಾಪಾಡಬಲ್ಲರೆಂದು ೧೯೯೦ರ ತನ್ನ ಗ್ರಂಥದಲ್ಲಿ ತೋರಿಸಿದಳು. ೨೦೦೯ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಾರಿತೋಷಕವು ಆಕೆಗೆ ಸಂದಿತು. ಒಬ್ಬರನ್ನೊಬ್ಬರು ಬಲ್ಲವರು, ಮಾತುಕೊಟ್ಟು ಉಳಿಸಿಕೊಳ್ಳುವವರು ಓಲ್ಸನ್ನನ ಬಲೆಯಿಂದ ಹೊರಬರಬಲ್ಲರು.

ಕಾಗೋಡಿನಲ್ಲಿಯೂ ಗೇಣಿದಾರರು ಕೇಳಿದುದೇನು? ಲೆಕ್ಕ ಬೇಡವೆಂದು ಅವರು ಕೇಳಲಿಲ್ಲ. ಸರಿಯಾದ ಕೊಳಗವನ್ನೂ ರಸೀತಿಯನ್ನೂ ಕೇಳಿದರು. ಅವರ ಬೇಡಿಕೆಯೇ ಲೆಕ್ಕ. ಆದುದರಿಂದ ಲೆಕ್ಕ ಒಂದು ಕಡೆ, ಧರ್ಮ ಇನ್ನೊಂದು ಕಡೆ ಎಂಬ ವಿಭಾಗ ಸರಿಯಲ್ಲ. ಲೆಕ್ಕದಲ್ಲಿ ಎದುರಿನವನಿಗೆ ಯಾವ ಸ್ಥಾನವಿದೆ ಎಂಬುದೇ ನಿಜವಾದ ಪ್ರಶ್ನೆ. ಅವನು ತನ್ನ ಲಾಭಕ್ಕೊಂದು ಸಾಧನವೆ, ಅಥವಾ ಲೆಕ್ಕವನ್ನು ಕೇಳುವ ಅಧಿಕಾರವುಳ್ಳ ಪಾಲುದಾರನೆ? ಆಯ್ಕೆಯ ಸಿದ್ಧಾಂತವು ಎರಡನ್ನೂ ಒಂದೇ ಹೆಸರಿನಿಂದ ಕರೆಯುತ್ತದೆ. ಅದರ ದೊಡ್ಡ ಕುರುಡು ಇದೇ.

ಈ ಸಿದ್ಧಾಂತದ ತಳದಲ್ಲಿ ಇನ್ನೊಂದು ಊಹೆಯೂ ಅಡಗಿದೆ: ಕಡಿಮೆಗಿಂತ ಹೆಚ್ಚು ಯಾವಾಗಲೂ ಮೇಲು ಎಂಬುದು. ಶರಣರ ಚರಿತ್ರೆಯನ್ನು ಬಲ್ಲವರಿಗೆ ಇಲ್ಲಿ ಆಯ್ದಕ್ಕಿ ಲಕ್ಕಮ್ಮನ ನೆನಪಾಗದೆ ಇರದು. ಕಲ್ಯಾಣದ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಆತನು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದನು. ಕಳವಿನ ಅಕ್ಕಿಯಲ್ಲ, ಕಸಿದ ಅಕ್ಕಿಯಲ್ಲ. ಆದರೂ ಆ ತಾಯಿ ಅದನ್ನು ಒಳಗೆ ಸೇರಿಸಲಿಲ್ಲ. ಅಗತ್ಯಕ್ಕಿಂತ ಹೆಚ್ಚಿನದನ್ನು ಇದ್ದಲ್ಲಿಗೇ ಹಿಂದಿರುಗಿಸಿ ಬರುವಂತೆ ಗಂಡನಿಗೆ ಹೇಳಿದಳು. ಶಾಸ್ತ್ರದ ಪ್ರಕಾರ ಆಕೆ ಅವಿವೇಕಿ. ಆದರೆ ಆಕೆಗೆ ಲೆಕ್ಕ ಬಾರದೆ ಇರಲಿಲ್ಲ. ಎಷ್ಟು ಅಕ್ಕಿ ತನ್ನ ಮನೆಗೂ ಜಂಗಮ ದಾಸೋಹಕ್ಕೂ ಸಲ್ಲತಕ್ಕದ್ದು ಎಂಬುದನ್ನು ಆಕೆಯಷ್ಟು ನಿಖರವಾಗಿ ಅಳೆದವರು ವಿರಳ. ಸಾಕು ಎಂಬುದೂ ಒಂದು ಅಳತೆ. ಅದು ಸಿದ್ಧಾಂತದ ಪೆಟ್ಟಿಗೆಯಲ್ಲಿಲ್ಲ, ಲಕ್ಕಮ್ಮನ ಮೊರದಲ್ಲಿತ್ತು.

ಲಕ್ಕಮ್ಮನನ್ನು ಕೊಂಡಾಡುವ ಸಮಾಜದಲ್ಲಿಯೇ ಕೊಳಗದ ದೂರು ಎದ್ದಿತೆಂಬುದು ಸಂಕೋಚದ ಸಂಗತಿ. ಅದನ್ನು ಮರೆಮಾಚುವುದರಿಂದ ಯಾರ ಗೌರವವೂ ಹೆಚ್ಚದು. ಅಂದಿನ ಒಡೆಯರು ವಿಶೇಷವಾಗಿ ಕ್ರೂರರಾಗಿದ್ದರೆಂದು ತಿಳಿಯಬೇಕಾಗಿಲ್ಲ. ಎಲ್ಲರೂ ಮಾಡುವುದನ್ನು ಮಾಡುವುದು, ಬಂದುದನ್ನು ಬಿಡದಿರುವುದು ಅವರಿಗೆ ವಿವೇಕವಾಗಿ ಕಂಡಿರಬೇಕು. ಸತ್ಯಾಗ್ರಹದಿಂದ ಗೇಣಿದಾರರಿಗೆ ಭೂಮಿಯು ಒಡನೆಯೇ ದೊರೆಯಲಿಲ್ಲ. ೧೯೬೧ರಲ್ಲಿ ಭೂಸುಧಾರಣೆಯ ಕಾಯಿದೆ ಬಂದಿತು. ದೇವರಾಜ ಅರಸರ ಕಾಲದಲ್ಲಿ ಅದು ತಿದ್ದುಪಡಿಯಾಗಿ, ೧೯೭೪ರ ಮಾರ್ಚ್ ೧ರಿಂದ ಗೇಣಿಯ ಭೂಮಿಯು ಸರ್ಕಾರಕ್ಕೆ ಸೇರಿ ಉಳುವವನ ಹೆಸರಿಗೆ ಆಗುವ ದಾರಿ ತೆರೆಯಿತು. ಅಳತೆಯನ್ನು ತಿದ್ದಿಕೊಳ್ಳಲೊಪ್ಪದ ಕಾಲವು ಕಡೆಗೆ ಗದ್ದೆಯನ್ನೇ ಬಿಟ್ಟುಕೊಡಬೇಕಾಯಿತು.

ಆದರೆ ಇದರಿಂದ, ನ್ಯಾಯವಾಗಿ ನಡೆದರೆ ಕಡೆಗೆ ಲಾಭವುಂಟು ಎಂಬ ನೀತಿಯನ್ನು ತೆಗೆಯಬಾರದು. ಹಾಗೆ ತೆಗೆದರೆ ಮತ್ತೆ ಲಾಭದ ಅಂಗಡಿಗೇ ಬಂದು ನಿಂತಂತಾಯಿತು. ೧೯೭೪ರ ಕಾಯಿದೆ ಬಾರದೆ ಇದ್ದಿದ್ದರೂ ತಪ್ಪು ಕೊಳಗವು ತಪ್ಪು ಕೊಳಗವೇ. ಸರಿಯಾದ ಅಳತೆಗೆ ಬೇರೆ ಪ್ರತಿಫಲ ಬೇಕಾಗಿಲ್ಲ.

ಇಂದು ಕೊಳಗವು ಅಟ್ಟ ಸೇರಿದೆ. ಗೇಣಿಯ ಮಾತು ಹಳೆಯದಾಗಿದೆ. ಅಳತೆಯು ಮಾತ್ರ ಮನೆಯಂಗಳವನ್ನು ಬಿಟ್ಟು ಹೋಗಿಲ್ಲ. ಕೊಯ್ಲಿನ ಕಾಲದಲ್ಲಿ ಅಡಿಕೆ ಸುಲಿಯಲು ಬಂದ ಹೆಂಗಸರು ಸಂಜೆಯ ಹೊತ್ತಿಗೆ ತಾವು ಸುಲಿದುದನ್ನು ಅಳೆಯಿಸಿಕೊಂಡು ಕೂಲಿ ಎಣಿಸಿಕೊಳ್ಳುತ್ತಾರೆ. ಅಳೆಯುವ ಕೈ ಯಜಮಾನನದು. ನೋಡುವ ಕಣ್ಣು ದುಡಿದವಳದು. ಆ ಹೊತ್ತಿನಲ್ಲಿ ಅಂಗಳದಲ್ಲಿ ಪಂಡಿತರಿಲ್ಲ, ಸಂಘವಿಲ್ಲ, ಕಾಯಿದೆಯ ಪುಸ್ತಕವೂ ಇಲ್ಲ. ಒಂದು ಹಿಡಿ ಈ ಕಡೆಗೆ ಬಂದರೂ ಕೇಳುವವರಿರಲಾರರು. ಬೆಳಗಿನಲ್ಲಿ ಇಷ್ಟಲಿಂಗವನ್ನು ಹಿಡಿದ ಕೈಯೇ ಸಂಜೆಗೆ ಅಳತೆಯ ಪಾತ್ರೆಯನ್ನು ಹಿಡಿದಿರುತ್ತದೆ ಎಂಬುದನ್ನು ಗೃಹಸ್ಥನು ಆಗ ನೆನೆದರೆ ಸಾಕು. ಯಾವ ಸಿದ್ಧಾಂತವೂ ಹೇಳಲಾರದ ಆಯ್ಕೆಯನ್ನು ಅವನು ತಾನೇ ಮಾಡಬಲ್ಲನು.