ರುಜುವೂ ದಾನವೂ

ಹೆಗ್ಗಡದೇವನಕೋಟೆಯಲ್ಲಿ ಮೈರಾಡಾ ಸಂಸ್ಥೆ ಕಟ್ಟಿದ ಸಂಘಗಳಿಂದ ಮೊದಲುಗೊಂಡು 2000ದ ಬಳಿಕದ ಸ್ತ್ರೀಶಕ್ತಿ ಗುಂಪುಗಳವರೆಗೆ, ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಸೀಮೆಯಲ್ಲಿಯೂ ಅನೇಕ ಸ್ತ್ರೀಯರು ಹೆಬ್ಬೆಟ್ಟು ಬಿಟ್ಟು ರುಜು ಕಲಿತರು. ಅದೇ ರುಜುವನ್ನು ತವರಿನವರು ಹಕ್ಕು ಬಿಡುಗಡೆ ಪತ್ರಕ್ಕೂ ಕೇಳುತ್ತಾರೆ. 1994ರ ಕರ್ನಾಟಕ ತಿದ್ದುಪಡಿ ಆಗಿನ ಅವಿವಾಹಿತೆಯರಿಗೆ ಕೊಟ್ಟ ಪಿತ್ರಾರ್ಜಿತದ ಸಮಪಾಲನ್ನು 2005ರ ಕೇಂದ್ರ ತಿದ್ದುಪಡಿ ವಿವಾಹಿತ ಪುತ್ರಿಯರಿಗೂ ವಿಸ್ತರಿಸಿತು. ಜೈನರಿಗೂ ಅದೇ ಕಾಯಿದೆ. ಆದರೂ "ಅಕ್ಕ ತಾನಾಗಿಯೇ ಬಿಟ್ಟುಕೊಟ್ಟಳು" ಎಂಬುದು ಸಹೋದರನ ಸಮಾಧಾನ.

ಅಚೌರ್ಯವ್ರತದ ಪ್ರಶ್ನೆ ಏಳುವುದು ಇಲ್ಲಿಯೇ. ಕೊಡದುದನ್ನು ತೆಗೆದುಕೊಳ್ಳುವುದು ಚೌರ್ಯ. ತವರಿನ ಬಾಗಿಲು ಮುಚ್ಚೀತೆಂಬ ಅಂಜಿಕೆಯಿಂದ ಕೊಟ್ಟುದು ಕೊಟ್ಟಂತಾಯಿತೇ? ದಾನಚಿಂತಾಮಣಿ ಅತ್ತಿಮಬ್ಬೆಯನ್ನು ಕೊಂಡಾಡುವವರು, ಆಕೆ ಕೊಟ್ಟುದು ತನ್ನದೆನ್ನಬಹುದಾದುದನ್ನು ಎಂಬುದನ್ನು ಮರೆಯುತ್ತಾರೆ. ಸಂಘದಲ್ಲಾದರೂ ಠರಾವನ್ನು ಓದಿ ಹೇಳಿದ ಮೇಲೆ ರುಜು. ಬಿಡುಗಡೆ ಪತ್ರವನ್ನು ಅಕ್ಕನಿಗೆ ಓದಿ ಹೇಳುವ ಶ್ರಾವಕರ ಮನೆಗಳೆಷ್ಟು?