ದಡಕ್ಕೇರಿದ ದೋಣಿಯೂ ಚಾತುರ್ಮಾಸ್ಯವೂ

॥ ಶ್ರೀ ಹರಿವಾಯುಗುರುಭ್ಯೋ ನಮಃ ॥



ಆಷಾಢ ಶುದ್ಧ ಏಕಾದಶಿಯು ಸಮೀಪಿಸಿತೆಂದರೆ ದೇವಾಲಯಗಳಲ್ಲಿ ತಪ್ತಮುದ್ರಾಧಾರಣೆಗೂ ಮನೆಗಳಲ್ಲಿ ಶಾಕವ್ರತಕ್ಕೂ ಸಿದ್ಧತೆ ನಡೆಯತೊಡಗುತ್ತದೆ. ತುಂಗೆಯು ಉಕ್ಕಿ ಹರಿದು ಶಿವಮೊಗ್ಗದ ಕೋರ್ಪಲಯ್ಯನ ಛತ್ರದ ಬಳಿಯ ಮಂಟಪವನ್ನು ಮುಳುಗಿಸುವ, ಭದ್ರಾ ಜಲಾಶಯಕ್ಕೆ ಎಷ್ಟು ನೀರು ಬಂದಿತೆಂದು ಭದ್ರಾವತಿಯ ಜನರು ಒಬ್ಬರನ್ನೊಬ್ಬರು ವಿಚಾರಿಸುವ ಕಾಲವದು. ಇದೇ ಸಮಯದಲ್ಲಿ ಆಗುಂಬೆಯ ಘಟ್ಟವನ್ನಿಳಿದು ಉಡುಪಿಗೆ ಹೋದವರು, ಶ್ರೀಕೃಷ್ಣನ ದರ್ಶನವನ್ನು ಮುಗಿಸಿಕೊಂಡು ಮಲ್ಪೆಯ ವಡಭಾಂಡೇಶ್ವರಕ್ಕೆ ಬಲರಾಮದೇವರ ಸೇವೆಗೆಂದು ತೆರಳಿದರೆ, ಅಲ್ಲಿಯ ಬಂದರಿನಲ್ಲಿ ಚಿಂತನೆಗೆ ಯೋಗ್ಯವಾದ ಒಂದು ನೋಟವನ್ನು ಕಾಣಬಹುದು. ಯಂತ್ರದ ಬೋಟುಗಳು ಆಗ ಕಡಲಿಗಿಳಿಯುವುದಿಲ್ಲ. ಹಲವು ದಕ್ಕೆಯಲ್ಲಿ ಒತ್ತೊತ್ತಾಗಿ ನಿಂತಿರುತ್ತವೆ. ಕೆಲವನ್ನು ದಡಕ್ಕೆ ಎಳೆದು, ಮರದ ದಿಮ್ಮಿಗಳ ಆಸರೆ ಕೊಟ್ಟು, ರಿಪೇರಿ ಮಾಡುತ್ತಿರುತ್ತಾರೆ. ನಮ್ಮ ರಾಜ್ಯದ ಕರಾವಳಿಯಲ್ಲಿ ಪ್ರತಿ ವರ್ಷ ಜೂನ್ 1 ರಿಂದ ಜುಲೈ 31 ರವರೆಗೆ, 61 ದಿನಗಳ ಕಾಲ, ಯಾಂತ್ರೀಕೃತ ಮೀನುಗಾರಿಕೆಗೆ ಸರಕಾರದ ನಿಷೇಧವಿರುತ್ತದೆ. ಮೀನುಗಳು ಸಂತಾನವನ್ನು ವೃದ್ಧಿಗೊಳಿಸುವ ಕಾಲವೆಂಬುದೂ, ಕಡಲು ಕೆರಳಿರುವ ಕಾಲವೆಂಬುದೂ ಅದಕ್ಕೆ ಕಾರಣ.

ಮೀನುಗಾರರ ದೋಣಿಯ ಮಾತು ದೇವಾಲಯದ ಪತ್ರಿಕೆಗೇಕೆ ಎಂದು ಕೆಲವರಿಗೆ ಅನ್ನಿಸಬಹುದು. ಮಹಾಭಾರತದ ವನಪರ್ವದಲ್ಲಿ ಕೌಶಿಕನೆಂಬ ಬ್ರಾಹ್ಮಣನು ಧರ್ಮದ ಸೂಕ್ಷ್ಮವನ್ನರಿಯಲು ಮಿಥಿಲೆಯ ಮಾಂಸದಂಗಡಿಯ ಮುಂದೆ ನಿಲ್ಲಬೇಕಾಯಿತು. ಭಾಗವತದ ಏಕಾದಶಸ್ಕಂಧದ ಅವಧೂತನು ತನ್ನ 24 ಗುರುಗಳಲ್ಲಿ ಸಮುದ್ರವನ್ನೂ ಬಾಣವನ್ನು ಮಾಡುವ ಕಸುಬಿನವನನ್ನೂ ಸೇರಿಸಿಕೊಂಡಿದ್ದಾನೆ. ಹಾಗಿರುವಾಗ, ಶ್ರೀಮದಾಚಾರ್ಯರ ಪಾದಧೂಳಿಯಿಂದ ಪವಿತ್ರವಾದ ಆ ತೀರದಲ್ಲಿ ದುಡಿಯುವವರಿಂದ ಒಂದು ಪಾಠವನ್ನು ಕಲಿಯಲು ನಮಗೆ ಸಂಕೋಚವೇಕೆ?

ನೀರಿನಲ್ಲಿ ನಿಂತ ದೋಣಿಯ ಮೇಲ್ಭಾಗವು ಎಲ್ಲರಿಗೂ ಕಾಣುತ್ತದೆ. ಅದಕ್ಕೆ ಬಣ್ಣವಿರುತ್ತದೆ, ದೇವರ ಹೆಸರಿರುತ್ತದೆ, ಹೂವಿನ ಹಾರವಿರುತ್ತದೆ. ತಳವಾದರೋ ಯಾರ ಕಣ್ಣಿಗೂ ಬೀಳದು. ಅಲ್ಲಿ ಪಾಚಿ ಬೆಳೆಯುತ್ತದೆ. ಸುಣ್ಣದಂತಹ ಚಿಪ್ಪುಳ್ಳ ಸಣ್ಣ ಸಣ್ಣ ಜೀವಿಗಳು ಬಂದು ಅಂಟಿಕೊಂಡು ಕಲ್ಲಿನಂತೆ ಗಟ್ಟಿಯಾಗುತ್ತವೆ. ಒಂದೊಂದನ್ನು ನೋಡಿದರೆ ಅಲ್ಪ. ಸಾವಿರಾರು ಸೇರಿದಾಗ ತಳವೆಲ್ಲ ಒರಟಾಗಿ, ಎಂಜಿನ್ ಎಷ್ಟು ದುಡಿದರೂ ದೋಣಿಯ ವೇಗ ಕುಂದುತ್ತದೆ, ಡೀಸೆಲ್ ಹೆಚ್ಚು ವ್ಯಯವಾಗುತ್ತದೆ. ಮರದ ದೋಣಿಯಾದರೆ ಕೊರೆಯುವ ಹುಳುವಿನ ಭಯ: ಹೊರಗೆ ಸೂಜಿಮೊನೆಯಷ್ಟು ರಂಧ್ರ, ಒಳಗೆ ಉದ್ದವಾದ ಸುರಂಗ. ಉಕ್ಕಿನ ದೋಣಿಯಾದರೆ ತುಕ್ಕಿನ ಭಯ. ತುಕ್ಕೆಂದರೇನೆಂಬುದನ್ನು, 1923 ರಲ್ಲಿ ಉತ್ಪಾದನೆಯನ್ನಾರಂಭಿಸಿದ ಕಬ್ಬಿಣದ ಕಾರ್ಖಾನೆಯ ಸುತ್ತ ಬೆಳೆದ ಭದ್ರಾವತಿಯವರಿಗೆ ನಾವು ವಿವರಿಸಬೇಕಾಗಿಲ್ಲ.

ನಮ್ಮ ಬಾಳಿನ ತಳವೂ ಹೀಗೆಯೇ ಅಲ್ಲವೇ? ಒಂದು ದಿನದ ಕಟುವಾದ ಮಾತು, ಕೊಟ್ಟು ನಡೆಸದ ಒಂದು ವಚನ, ನೆರೆಯವನ ಏಳಿಗೆಯನ್ನು ಕಂಡಾಗಿನ ಒಂದು ಕಿಚ್ಚು. ಯಾವುದೂ ದೊಡ್ಡದೆನಿಸುವುದಿಲ್ಲ. ಆದರೆ ಸಂಧ್ಯಾವಂದನೆಯಲ್ಲಿ ಮನಸ್ಸು ಏಕೆ ನಿಲ್ಲದು, ಜಪದ ಸಂಖ್ಯೆ ತುಂಬಿದರೂ ಹೃದಯವೇಕೆ ತುಂಬದು ಎಂದು ಕೇಳಿಕೊಂಡರೆ, ಆ ಒರಟುತನವೇ ಕಾರಣವೆಂಬುದು ತಿಳಿಯುತ್ತದೆ. ಮೇಲೆ ಹನ್ನೆರಡು ನಾಮಗಳು ಹೊಳೆಯುತ್ತಿರುತ್ತವೆ. ಕೆಳಗೆ ಚಿಪ್ಪು ಬೆಳೆಯುತ್ತಿರುತ್ತದೆ.

ಪ್ರಪಂಚವು ಸತ್ಯವೆಂಬುದು ನಮ್ಮ ತತ್ತ್ವವಾದದ ಸಿದ್ಧಾಂತ. ಜಗತ್ತೇ ಇಲ್ಲವೆಂದು ನುಡಿದು ತಳದ ಚಿಪ್ಪನ್ನು ಕಳೆದುಕೊಳ್ಳಲು ನಮಗೆ ಬರುವುದಿಲ್ಲ. ಕಡಲು ನಿಜ, ಉಪ್ಪು ನಿಜ, ಅಂಟಿಕೊಂಡದ್ದೂ ನಿಜ. ಆದುದರಿಂದ ಅದನ್ನು ಕೆರೆದು ತೆಗೆಯುವ ಶ್ರಮವೂ ನಿಜವಾದದ್ದೇ ಆಗಿರಬೇಕು. ಮಲ್ಪೆಯ ಕೆಲಸಗಾರನು ಉಳಿಯನ್ನು ಹಿಡಿದು ಅಂಗುಲ ಅಂಗುಲವಾಗಿ ತಳವನ್ನು ಕೆರೆಯುವಾಗ ಮಾಡುವುದು ಇದನ್ನೇ. ಅವಸರಪಟ್ಟು ಚಿಪ್ಪಿನ ಮೇಲೆಯೇ ಹೊಸ ಬಣ್ಣವನ್ನು ಬಳಿದರೆ, ಆ ಬಣ್ಣವು ಕೆಲವೇ ದಿನಗಳಲ್ಲಿ ಹಕ್ಕಳೆಯಾಗಿ ಏಳುತ್ತದೆ. ಮೊದಲು ಕೆರೆಯುವುದು, ಬಳಿಕ ತೊಳೆದು ಒಣಗಿಸುವುದು, ಆಮೇಲೆ ಬಣ್ಣ. ಆಷಾಢದಿಂದ ಕಾರ್ತಿಕದವರೆಗೆ ಶಾಕ, ದಧಿ, ಕ್ಷೀರ, ದ್ವಿದಲಗಳನ್ನು ಕ್ರಮವಾಗಿ ತ್ಯಜಿಸುವ ನಾವು, ವ್ರತವನ್ನು ಮೊದಲನೆಯ ಕೆಲಸವನ್ನಾಗಿ ಮಾಡಿಕೊಂಡಿದ್ದೇವೆಯೋ, ಕೊನೆಯ ಬಣ್ಣವನ್ನಾಗಿ ಮಾಡಿಕೊಂಡಿದ್ದೇವೆಯೋ ಎಂಬುದನ್ನು ವಿಚಾರಿಸಿ ನೋಡಬೇಕು. ನಾಲಿಗೆಯು ಮೊಸರನ್ನು ಬಿಟ್ಟು, ಪರನಿಂದೆಯನ್ನು ಬಿಡದಿದ್ದರೆ ಏನು ಬಿಟ್ಟಂತಾಯಿತು?

ಉಕ್ಕಿನ ದೋಣಿಯ ತಳದಲ್ಲಿ ಇನ್ನೊಂದು ವಿಶೇಷವುಂಟು. ಅಲ್ಲಲ್ಲಿ ಸತುವಿನ ಪಟ್ಟಿಗಳನ್ನು ಜೋಡಿಸಿರುತ್ತಾರೆ. ಉಪ್ಪುನೀರು ಉಕ್ಕನ್ನು ತಿನ್ನುವ ಮೊದಲು ಈ ಸತುವನ್ನು ತಿನ್ನುತ್ತದೆ. ಸತುವು ತಾನು ಸವೆದು ದೋಣಿಯನ್ನುಳಿಸುತ್ತದೆ. ಸವೆದಂತೆಲ್ಲ ಹೊಸ ಪಟ್ಟಿಯನ್ನು ಕೂಡಿಸಬೇಕು. ದೋಣಿಗೆಲ್ಲ ಬಣ್ಣ ಬಳಿದರೂ ಆ ಪಟ್ಟಿಗೆ ಮಾತ್ರ ಬಳಿಯಕೂಡದು. ಬಳಿದರೆ ಅದರ ರಕ್ಷಣೆ ನಿಂತುಹೋಗುತ್ತದೆ. ದಾನವೂ ಇಂತಹುದೇ. ನಾವು ಕೊಟ್ಟದ್ದು ಸವೆಯುವುದರಿಂದಲೇ ನಾವು ಉಳಿಯುತ್ತೇವೆ. ಆದರೆ ಕೊಟ್ಟ ಗಂಟೆಗೂ ದೀಪಕ್ಕೂ ಬೆಳಕಿಗಿಂತ ದೊಡ್ಡದಾಗಿ ಹೆಸರನ್ನು ಬರೆಸಿದರೆ, ಸತುವಿಗೆ ಬಣ್ಣ ಬಳಿದಂತಾಗುತ್ತದೆ. ಇದನ್ನು ಯಾರನ್ನೂ ಉದ್ದೇಶಿಸಿ ಬರೆದುದಲ್ಲ. ಎಲ್ಲರೂ ತಮ್ಮೊಳಗೆ ತಾವು ನೋಡಿಕೊಳ್ಳಲೆಂದು ಬರೆದುದು.

ದೋಣಿಯು ತಾನಾಗಿ ದಡವನ್ನೇರಲಾರದು ಎಂಬುದನ್ನೂ ಮರೆಯಬಾರದು. ಹಗ್ಗ ಬೇಕು, ಯಂತ್ರ ಬೇಕು, ಒಟ್ಟಾಗಿ ಎಳೆಯುವ ಕೈಗಳು ಬೇಕು. ಜೀವನು ಪರತಂತ್ರ, ಸ್ವತಂತ್ರನು ಶ್ರೀಹರಿಯೊಬ್ಬನೇ. ಶಾಸ್ತ್ರವೇ ಹಗ್ಗ, ಗುರುಗಳೂ ಸಜ್ಜನರೂ ಎಳೆಯುವ ಕೈಗಳು, ಎಳೆಸುವವನು ಅವನು. ಮುಖ್ಯಪ್ರಾಣದೇವರ ಅನುಗ್ರಹವಿಲ್ಲದೆ ಒಂದು ಗೇಣೂ ಸರಿಯದು. ಮಳೆಗಾಲದಲ್ಲಿ ಯತಿಗಳು ಒಂದೆಡೆ ನಿಂತು ಪಾಠಪ್ರವಚನಗಳನ್ನು ನಡೆಸುವ ಈ ತಿಂಗಳುಗಳು, ನಮ್ಮನ್ನು ನೀರಿನಿಂದ ಮೇಲಕ್ಕೆಳೆಯಲೆಂದೇ ಹಿರಿಯರು ಏರ್ಪಡಿಸಿದ ಕಾಲ.

ಆದರೆ ದೋಣಿಯನ್ನು ಮಾಡಿದ್ದು ದಡದಲ್ಲಿ ನಿಲ್ಲಿಸುವುದಕ್ಕಲ್ಲ. ಬಹುಕಾಲ ಬಿಸಿಲಿನಲ್ಲಿ ನಿಂತ ಮರದ ದೋಣಿಯ ಹಲಗೆಗಳು ಒಣಗಿ ಸಂದು ಬಿಡುತ್ತವೆ. ಆಗಸ್ಟ್ ಬಂದೊಡನೆ ಮೊಗವೀರರು ಕಡಲಿಗೆ ಹಾಲು, ಹೂವು, ತೆಂಗಿನಕಾಯಿಗಳನ್ನರ್ಪಿಸಿ, ಮತ್ತೆ ಅಲೆಗಳಿಗೆ ಎದುರಾಗಿ ಹೊರಡುತ್ತಾರೆ. ಸಂಸಾರಿಗಳಾದ ನಮಗೂ ಕಛೇರಿ, ಅಂಗಡಿ, ತೋಟ, ಮಕ್ಕಳ ವಿದ್ಯಾಭ್ಯಾಸ ಎಂಬ ಕಡಲು ತಪ್ಪಿದ್ದಲ್ಲ. ಗೀತೆಯಲ್ಲಿ ಭಗವಂತನು ದೋಣಿಯ ಮಾತನ್ನು ಎರಡು ಬಾರಿ ಆಡಿದ್ದಾನೆ. ಇಂದ್ರಿಯಗಳ ಹಿಂದೆ ಓಡುವ ಮನಸ್ಸು, ಗಾಳಿಯು ದೋಣಿಯನ್ನು ಸೆಳೆಯುವಂತೆ ಪ್ರಜ್ಞೆಯನ್ನು ಸೆಳೆದೊಯ್ಯುತ್ತದೆಂದು ಎರಡನೆಯ ಅಧ್ಯಾಯದಲ್ಲಿ ಎಚ್ಚರಿಸಿ, ನಾಲ್ಕನೆಯ ಅಧ್ಯಾಯದಲ್ಲಿ ಜ್ಞಾನವೆಂಬ ದೋಣಿಯಿಂದಲೇ ಪಾಪಸಾಗರವನ್ನು ದಾಟುವೆಯೆಂದು ಅಭಯವಿತ್ತಿದ್ದಾನೆ. ಗಾಳಿಗೆ ಸಿಕ್ಕುವುದೂ ದೋಣಿ, ದಾಟಿಸುವುದೂ ದೋಣಿ. ಭೇದವಿರುವುದು ಅದರ ಸ್ಥಿತಿಯಲ್ಲಿ, ಅದರೊಳಗೆ ಕುಳಿತವನು ಯಾರೆಂಬುದರಲ್ಲಿ.

ದ್ವಾರಕೆಯಿಂದ ಬಂದ ನೌಕೆಯು ಮಲ್ಪೆಯ ಬಳಿ ಬಿರುಗಾಳಿಗೆ ಸಿಲುಕಿದಾಗ, ಶ್ರೀಮದಾಚಾರ್ಯರು ಉತ್ತರೀಯವನ್ನು ಬೀಸಿ ಅದನ್ನು ಕಾಪಾಡಿದ ಕಥೆಯನ್ನು ಅರಿಯದವರಿಲ್ಲ. ನಾವಿಕನು ಏನು ಬೇಕೆಂದು ಕೇಳಲು, ಅವರು ಬೇಡಿದ್ದು ಗೋಪೀಚಂದನದ ಗಟ್ಟಿಯನ್ನು. ನೌಕೆಯು ಓಲಾಡದಿರಲೆಂದು ತಳದಲ್ಲಿ ಹೇರಿದ್ದ ಭಾರವದು ಎಂದು ಹೇಳುವವರುಂಟು. ಅದರೊಳಗಿದ್ದವನು ಕಡೆಗೋಲು ಹಿಡಿದ ಶ್ರೀಕೃಷ್ಣ! ನಾವಿಕನಿಗೆ ಮಣ್ಣಿನ ಭಾರವಾಗಿ ತೋರಿದ್ದೇ ನೌಕೆಯ ಭಾಗ್ಯವಾಗಿತ್ತು. ನಮ್ಮ ತಳವನ್ನು ಶುದ್ಧಗೊಳಿಸಿದಾಗ ಕಾಣಸಿಗಬೇಕಾದವನೂ ಅವನೇ, ಬಿಂಬರೂಪಿಯಾದ ಅಂತರ್ಯಾಮಿ.

ಆದುದರಿಂದ ಶಿವಮೊಗ್ಗ ಭದ್ರಾವತಿಗಳ ಭಕ್ತರಲ್ಲಿ ನಮ್ಮದೊಂದು ಪ್ರಾರ್ಥನೆ. ಈ ಚಾತುರ್ಮಾಸ್ಯದಲ್ಲಿ ಪ್ರತಿಯೊಂದು ಮನೆಯೂ ಕೆರೆದು ತೆಗೆಯಬೇಕಾದ ಒಂದು ಚಿಪ್ಪನ್ನು ಗುರುತಿಸಿಕೊಳ್ಳಲಿ. ತೋಟದ ಪಾಲಿಗಾಗಿ ಮುನಿಸಿಕೊಂಡು, ಒಬ್ಬನೇ ತಂದೆಯ ಶ್ರಾದ್ಧವನ್ನು ಎರಡು ಮನೆಗಳಲ್ಲಿ ಮಾತಿಲ್ಲದೆ ಮಾಡುವ ಅಣ್ಣತಮ್ಮಂದಿರು ನಮ್ಮಲ್ಲಿಲ್ಲವೇ? ಭಾದ್ರಪದದ ಪಕ್ಷಮಾಸ ಬರುವುದರೊಳಗೆ ಅವರಲ್ಲೊಬ್ಬನು ಇನ್ನೊಬ್ಬನ ಮನೆಯ ಮೆಟ್ಟಿಲನ್ನು ಹತ್ತಲಿ. ಪಿತೃಗಳಿಗೆ ಅದಕ್ಕಿಂತ ತೃಪ್ತಿಕರವಾದ ತಿಲೋದಕವಿಲ್ಲ. ಉತ್ಥಾನದ್ವಾದಶಿಯಂದು ತುಳಸಿಯ ಮುಂದೆ ದೀಪವನ್ನು ಹಚ್ಚುವಾಗ, ದೋಣಿಯು ಹಗುರವಾಯಿತೆಂಬ ಅನುಭವ ನಮಗೆಲ್ಲ ಆಗಲಿ. ಸಂಸಾರಸಾಗರದ ಅಂಬಿಗನಾದ ಶ್ರೀಹರಿಯು ನಮ್ಮನ್ನು ದಡ ಸೇರಿಸಲಿ.

॥ ಶ್ರೀಕೃಷ್ಣಾರ್ಪಣಮಸ್ತು ॥