ರಿಪೇರಿಯೋ, ಶೋಕಿಯೋ?

ಹೆಲ್ತ್ ಇನ್ಶೂರೆನ್ಸ್ ಪಾಲಿಸಿಯನ್ನು ಯಾರೂ ಪೂರ್ತಿ ಓದಲ್ಲ. ಪುರುಸೊತ್ತಾದಾಗ ‘ಇವಕ್ಕೆಲ್ಲ ದುಡ್ಡು ಕೊಡಲ್ಲ’ ಅನ್ನೋ ಪಟ್ಟಿಯನ್ನಾದರೂ ಓದಿ. ಕಾಸ್ಮೆಟಿಕ್ ಚಿಕಿತ್ಸೆ ಅದರಲ್ಲಿ ಇದ್ದೇ ಇರುತ್ತೆ. ರೂಪ ಬದಲಿಸುವ ಚಿಕಿತ್ಸೆಗೆ ಹಣ ಇಲ್ಲ. ಅಪಘಾತ, ಸುಟ್ಟಗಾಯ, ಕ್ಯಾನ್ಸರ್ ಆದಮೇಲೆ ಸರಿಪಡಿಸೋದಾದರೆ ಉಂಟು, ಇಲ್ಲವೇ ಆರೋಗ್ಯಕ್ಕೆ ನೇರ ಅಪಾಯ ಇರಬೇಕು. ಭಾಷೆ ಒಣಕಲು, ಆದರೆ ಅದರೊಳಗೆ ಒಂದು ನೀತಿ ಇದೆ, ಮತ್ತು ಆ ನೀತಿಯನ್ನು ನಾವೂ ಒಪ್ಪಿಕೊಂಡಿದ್ದೇವೆ: ಕಳಕೊಂಡಿದ್ದನ್ನು ವಾಪಸ್ ಪಡೆಯೋದು ನ್ಯಾಯ, ಇಲ್ಲದ್ದನ್ನು ಸೇರಿಸಿಕೊಳ್ಳೋದು ಶೋಕಿ. ಬೈಕಿನಿಂದ ಬಿದ್ದು ಮುಂದಿನ ಹಲ್ಲು ಮುರಿದವನು ಕ್ಯಾಪ್ ಹಾಕಿಸಿಕೊಂಡರೆ ಯಾರೂ ತುಟಿ ಬಿಚ್ಚಲ್ಲ. ಗಟ್ಟಿ ಹಲ್ಲಿಗೆ ವಿನಿಯರ್ ಹಾಕಿಸಿದರೆ ‘ದುಡ್ಡು ಜಾಸ್ತಿ ಆಗಿದೆ’ ಅಂತಾರೆ.

ಈ ಲೆಕ್ಕ ನಮ್ಮೂರಿನ ಹಲ್ಲುಗಳ ವಿಷಯದಲ್ಲಿ ತಪ್ಪುತ್ತೆ.

ನಮ್ಮೂರು ಪೋತ್ನಾಳ. ರಾಯಚೂರಿನಿಂದ ಸಿಂಧನೂರಿಗೆ ಹೋಗುವಾಗ ಮಾನ್ವಿ ದಾಟಿದ ಮೇಲೆ ಸಿಗುತ್ತೆ. ಒಂದು ಕಡೆ ಕೃಷ್ಣೆ, ಇನ್ನೊಂದು ಕಡೆ ತುಂಗಭದ್ರೆ. ಹಳೆಯ ಕಾಲದವರು ಈ ಸೀಮೆಯನ್ನು ಎಡೆದೊರೆ ನಾಡು ಅಂತ ಕರೆದಿದ್ದು ಅದಕ್ಕೇ. ಎರಡು ಹೊಳೆ ಇದ್ದೂ ನಾವು ಕುಡಿದು ಬೆಳೆದದ್ದು ಬೋರಿನ ನೀರು. ಮಾನ್ವಿ, ದೇವದುರ್ಗ, ಲಿಂಗಸುಗೂರು ಭಾಗದ ಹಲವು ಹಳ್ಳಿಗಳಲ್ಲಿ ಕೆಳಗಿನ ಗ್ರಾನೈಟ್ ಬಂಡೆಯಿಂದ ಫ್ಲೋರೈಡ್ ಬಿಟ್ಟುಕೊಂಡು ನೀರಿಗೆ ಸೇರುತ್ತೆ. ಕುಡಿಯುವ ನೀರಿಗೆ ನಮ್ಮ ದೇಶದ ಮಾನದಂಡ ಲೀಟರಿಗೆ 1 ಮಿಲಿಗ್ರಾಂ. ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ನಡೆಯುತ್ತೆ. ಅದನ್ನು ಮೀರಿದ ನೀರನ್ನು ಮಕ್ಕಳು ಕುಡಿದರೆ, ಇನ್ನೂ ಒಸಡಿನೊಳಗೇ ತಯಾರಾಗುತ್ತಿರುವ ಕಾಯಂ ಹಲ್ಲಿನ ಎನಾಮಲ್ ಕೆಡುತ್ತೆ. ಮೊದಲು ಸುಣ್ಣದಂಥ ಬಿಳಿ ಮಚ್ಚೆ, ಹೆಚ್ಚಾದರೆ ಕಂದು ಕರೆ, ಇನ್ನೂ ಹೆಚ್ಚಾದರೆ ಗುಳಿ. ಸುಮಾರು ಎಂಟು ವರ್ಷದೊಳಗೆ ಆಗೋದೆಲ್ಲ ಆಗಿ ಮುಗಿಯುತ್ತೆ. ಆಮೇಲೆ ಎಷ್ಟು ಉಜ್ಜಿದರೂ ಹೋಗಲ್ಲ, ಯಾಕಂದರೆ ಅದು ಮೇಲೆ ಅಂಟಿದ ಕೊಳೆ ಅಲ್ಲ.

ಈಗ ಹೇಳಿ, ಇದನ್ನು ಸರಿಮಾಡಿಸೋದು ರಿಪೇರಿಯೋ ಶೋಕಿಯೋ? ನಮ್ಮ ಹಲ್ಲು ಹುಟ್ಟಿದ್ದೇ ಹಾಗೆ. ವಾಪಸ್ ಪಡೆಯೋಕೆ ಬಿಳಿ ಹಲ್ಲು ಎಂದೂ ಇರಲಿಲ್ಲ. ಪಾಲಿಸಿಯ ಪ್ರಕಾರ ಅಪಘಾತವೂ ಆಗಿಲ್ಲ. ಆದರೆ ಆಗಿದೆಯಲ್ಲ! ಎಂಟು ವರ್ಷ ನಿಧಾನವಾಗಿ, ಇಡೀ ಓಣಿಗೆ ಒಟ್ಟಿಗೇ ಆಗಿದೆ. ಎಲ್ಲರಿಗೂ ಆಗಿದ್ದರಿಂದಲೇ ಅದು ಅಪಘಾತ ಅಂತ ಯಾರಿಗೂ ಅನಿಸಲಿಲ್ಲ.

ಗೊತ್ತಿರಲಿಲ್ಲ ಅನ್ನೋ ಹಾಗೂ ಇಲ್ಲ. ಅಮೆರಿಕದ ಕೊಲರಾಡೊ ಸ್ಪ್ರಿಂಗ್ಸ್‌ಗೆ 1901ರಲ್ಲಿ ಬಂದ ಫ್ರೆಡರಿಕ್ ಮೆಕೇ ಎಂಬ ದಂತವೈದ್ಯ ಅಲ್ಲಿಯವರ ಕಂದು ಹಲ್ಲು ನೋಡಿ ಕಾರಣ ಹುಡುಕುತ್ತಾ ಹೋದ. 1931ರಲ್ಲಿ ಅದು ನೀರಿನ ಫ್ಲೋರೈಡ್ ಅಂತ ಪತ್ತೆಯಾಯಿತು. ನಮ್ಮ ದಕ್ಷಿಣದಲ್ಲೇ, ಆಗಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರು ಜಿಲ್ಲೆಯಲ್ಲಿ ಇದೇ ನೀರಿನಿಂದ ಮೂಳೆ, ಹಲ್ಲು ಹಾಳಾಗಿರೋದನ್ನು 1937ರಲ್ಲೇ ವೈದ್ಯರು ದಾಖಲಿಸಿದ್ದರು. ನನ್ನ ಪೀಳಿಗೆಯ ಹಲ್ಲು ಹುಟ್ಟುವ ಎಷ್ಟೋ ಮೊದಲು ಕಾರಣ ಗೊತ್ತಿತ್ತು.

ನನಗೆ ಈ ಪ್ರಶ್ನೆ ಹತ್ತಿರ ಬಂದಿದ್ದು ದೊಡ್ಡವ್ವನ ಮಗಳಿಂದ. ಅವಳಿಗೆ 24. ಬೆಂಗಳೂರಿನಲ್ಲಿ ಕೆಲಸ, ದಿನಾ ನಾಲ್ಕು ಜನರ ಮುಂದೆ ನಿಂತು ಮಾತಾಡಬೇಕು. ಒಂದು ಕ್ಲಿನಿಕ್‌ನಲ್ಲಿ ಮೇಲಿನ ಎಂಟು ಹಲ್ಲಿಗೆ ವಿನಿಯರ್ ಹಾಕಿಸಿ ಅಂದಿದ್ದಾರೆ, ಇಎಂಐ ಕೂಡ ಇದೆ. ‘ನಗಬೇಕಾದ್ರ ಬಾಯಿಗೆ ಕೈ ಅಡ್ಡ ಇಟ್ಕೊಂಡು ಸಾಕಾಗೈತಿ ಅಣ್ಣಾ’ ಅಂದಳು. ದೊಡ್ಡವ್ವಂದು ಒಂದೇ ಮಾತು: ‘ಎಲ್ಲಾರ ಹಲ್ಲೂ ಹಂಗ ಅದಾವು. ನಿಂದೇನು ಹೊಸಾದು?’

ದೊಡ್ಡವ್ವ ಹೇಳಿದ್ದು ಊರಿನಲ್ಲಿ ನಿಜ. ಅಲ್ಲಿ ಆ ಹಲ್ಲು ಬರೀ ಹಲ್ಲು. ಬೆಂಗಳೂರಿನಲ್ಲಿ ಅದೇ ಹಲ್ಲನ್ನು ಜನ ಬೇರೆ ಥರ ಓದುತ್ತಾರೆ. ಗುಟ್ಕಾ ತಿಂತಾಳೆ, ಬ್ರಷ್ ಮಾಡಲ್ಲ, ಸ್ವಚ್ಛತೆ ಇಲ್ಲ. ಬಾಯಿಬಿಟ್ಟು ಹೇಳಲ್ಲ, ಅಷ್ಟೇ. ನೀರಿನ ದೋಷ ಅವಳ ಗುಣದೋಷ ಆಗಿಬಿಡುತ್ತೆ. ಅವಳು ಕಳಕೊಂಡಿದ್ದು ಬಿಳಿ ಬಣ್ಣ ಅಲ್ಲ, ತಾನು ಇರುವ ಹಾಗೇ ಜನರ ಕಣ್ಣಿಗೆ ಬೀಳುವ ಅವಕಾಶ. ಅದನ್ನು ವಾಪಸ್ ಕೇಳೋದು ಶೋಕಿ ಅಂತ ನನಗೆ ಅನಿಸಲ್ಲ.

‘ಇರೋ ಹಾಗೇ ನಿನ್ನನ್ನ ನೀನು ಒಪ್ಕೋ’ ಅನ್ನೋ ಉಪದೇಶ ಕೊಡುವವರ ಹಲ್ಲನ್ನು ಒಮ್ಮೆ ನೋಡಿ, ಸಾಮಾನ್ಯವಾಗಿ ಚೆನ್ನಾಗೇ ಇರುತ್ತೆ. ನನ್ನ ಹಲ್ಲಿಗೂ ಕರೆ ಇದೆ, ನಾನು ಏನೂ ಮಾಡಿಸಿಲ್ಲ. ಅದು ನನ್ನ ದೊಡ್ಡಗುಣ ಅಲ್ಲ. ದಪ್ಪ ಮೀಸೆ ಇದೆ, ಕೋಡ್ ಬರೆಯೋಕೆ ನಗಬೇಕಾಗಿಲ್ಲ, ಮತ್ತು ಗಂಡಸಿನ ಹಲ್ಲನ್ನು ಹೆಣ್ಣು ನೋಡೋ ಶಾಸ್ತ್ರದಲ್ಲಿ ಯಾರೂ ಪರೀಕ್ಷೆ ಮಾಡಲ್ಲ.

ಹಾಗಂತ ಎಂಟು ವಿನಿಯರ್‌ಗೆ ನಾನು ಹೂಂ ಅನ್ನಲಿಲ್ಲ. ವಿನಿಯರ್ ಕೂರಿಸೋಕೆ ಸಾಮಾನ್ಯವಾಗಿ ಅರ್ಧ ಮಿಲಿಮೀಟರ್ ಆಸುಪಾಸು ಎನಾಮಲ್ ತೆಗೆಯಬೇಕು, ಅದು ಮತ್ತೆ ಬೆಳೆಯಲ್ಲ. ಹತ್ತು ಹದಿನೈದು ವರ್ಷಕ್ಕೆ ವಿನಿಯರ್ ಬದಲಿಸಬೇಕಾಗುತ್ತೆ. 24ರಲ್ಲಿ ಶುರು ಮಾಡಿದರೆ ಜೀವನದಲ್ಲಿ ಮೂರು ನಾಲ್ಕು ಸಲ ಆ ಕುರ್ಚಿಯಲ್ಲಿ ಕೂರಬೇಕು. ನೀರು ಒಮ್ಮೆ ಕೆಡಿಸಿದ ಎನಾಮಲ್‌ನಲ್ಲಿ ಉಳಿದಿದ್ದನ್ನೂ ನಾವೇ ಉಜ್ಜಿ ತೆಗೆಯೋ ಮೊದಲು ಕೇಳಬೇಕಾದ ಪ್ರಶ್ನೆ ಒಂದಿದೆ: ಇದಕ್ಕಿಂತ ಕಡಿಮೆಯಲ್ಲಿ ಆಗಲ್ವಾ? ಬೇರೆ ದಂತವೈದ್ಯರ ಹತ್ತಿರ ಕೇಳಿದೆವು. ಮೈಕ್ರೋಅಬ್ರೇಷನ್ ಅಂತ ಇದೆ, ಮೇಲ್ಪದರವನ್ನು ಕೂದಲೆಳೆಯಷ್ಟು ಮಾತ್ರ ತಿಕ್ಕುತ್ತಾರೆ. ಆಮೇಲೆ ಬ್ಲೀಚಿಂಗ್. ಗುಳಿ ಬಿದ್ದ ಎರಡು ಹಲ್ಲಿಗೆ ಕಾಂಪೋಸಿಟ್. ಗುಳಿ ಜಾಸ್ತಿ ಇರುವವರಿಗೆ ಇದು ಸಾಲದೇ ಹೋಗಬಹುದು, ಅವರಿಗೆ ವಿನಿಯರೋ ಕ್ಯಾಪೋ ಬೇಕಾದೀತು. ಅವಳಿಗೆ ಇಷ್ಟು ಸಾಕಾಯಿತು. ಕಂದು ಹೋಯಿತು, ಸಣ್ಣ ಬಿಳಿ ಮಚ್ಚೆ ಉಳಿದವು. ಜಾಹೀರಾತಿನ ಹಲ್ಲು ಅಲ್ಲ, ಅವಳ ಹಲ್ಲೇ. ಕೈ ಬಾಯಿಂದ ಕೆಳಗಿಳಿದಿದೆ.

ಆದರೆ ಇಲ್ಲಿಗೆ ಲೆಕ್ಕ ಚುಕ್ತಾ ಆಗಲ್ಲ. ಅದೇ ನೀರು ವರ್ಷಗಟ್ಟಲೆ ಒಳಗೆ ಹೋದರೆ ಮೂಳೆ, ಕೀಲು ಹಿಡಿಯುತ್ತೆ, ಬೆನ್ನು ಬಾಗುತ್ತೆ. ಹಲ್ಲಿನ ಕರೆ ಅದರ ಮೊದಲ ಸೂಚನೆ, ಲ್ಯಾಬ್ ಇಲ್ಲದ ಊರಿನ ಲ್ಯಾಬ್ ರಿಪೋರ್ಟ್. ಊರು ಬಿಟ್ಟು ಬಂದು ದುಡಿಯೋ ನಾವೆಲ್ಲ ಒಬ್ಬೊಬ್ಬರಾಗಿ ಆ ಕರೆಯನ್ನು ಇಲ್ಲಿ ತೆಗೆಸಿಕೊಂಡು ಸುಮ್ಮನಾದರೆ, ಸಾಕ್ಷಿ ಹೋಗುತ್ತೆ, ನೀರು ಹಾಗೇ ಉಳಿಯುತ್ತೆ. ಹಾಗಾದರೆ ಅವಳು ಕರೆ ಹೊತ್ತೇ ತಿರುಗಬೇಕಿತ್ತಾ? ಇಲ್ಲ. ಒಬ್ಬ ಹುಡುಗಿಯ ಬಾಯಿ ಊರಿನ ನೋಟಿಸ್ ಬೋರ್ಡ್ ಅಲ್ಲ. ಆದರೆ ಹಲ್ಲು ಹೇಳುತ್ತಿದ್ದುದನ್ನು ಇನ್ನು ಬಾಯಿ ಹೇಳಬೇಕು. ‘ಮೊದಲು ಹಲ್ಲು ಯಾಕೆ ಹಾಗಿತ್ತು?’ ಅಂತ ಯಾರಾದರೂ ಕೇಳಿದರೆ ಅವಳೀಗ ಮಾತು ತಪ್ಪಿಸಲ್ಲ. ‘ನಮ್ಮೂರ ನೀರು’ ಅಂತಾಳೆ.

ಮಾತಿನ ಜೊತೆ ದುಡ್ಡೂ ಒಂದಿಷ್ಟು ಆ ಕಡೆ ಹೋಗಬೇಕು. ನಮಗೆ ಹೇಳಿದ ಒಂದು ವಿನಿಯರ್‌ನ ದರದಲ್ಲಿ ಹೆಚ್ಚುಕಮ್ಮಿ ಒಂದು ಮನೆಯ ಆರ್‌ಒ ಯಂತ್ರ ಬರುತ್ತೆ. ನನ್ನ ಅಣ್ಣನ ಮಗಳಿಗೆ ಈಗ ಒಂದೂವರೆ ವರ್ಷ, ಊರಲ್ಲೇ ಇದ್ದಾಳೆ. ಕಾಯಿಸಿ ಆರಿಸಿದ ನೀರು ಕುಡಿಸ್ತೀವಿ ಅಂತ ಮನೆಯವರು ಧೈರ್ಯವಾಗಿದ್ದರು. ಕಾಯಿಸಿದರೆ ಫ್ಲೋರೈಡ್ ಹೋಗಲ್ಲ, ನೀರು ಆವಿಯಾದಷ್ಟು ಇನ್ನೂ ಗಟ್ಟಿಯಾಗುತ್ತೆ. ಆರ್‌ಒ ಕೂರಿಸಿದೆವು. ಅದು ಒಂದು ಮನೆಗಾಯಿತು. ಪಕ್ಕದ ಮನೆಯಲ್ಲೂ ಎಂಟರೊಳಗಿನ ಮಕ್ಕಳಿದ್ದಾರೆ. 2019ರಿಂದ ಜಲಜೀವನ್ ಮಿಷನ್ ಮನೆಮನೆಗೆ ನಲ್ಲಿ ಅನ್ನುತ್ತಿದೆ. ಆ ನಲ್ಲಿಯಲ್ಲಿ ಬರೋದು ಹೊಳೆ ನೀರೋ ಅದೇ ಬೋರಿನ ನೀರೋ, ಫ್ಲೋರೈಡ್ ಎಷ್ಟಿದೆ ಅಂತ ಪಂಚಾಯ್ತಿಯಲ್ಲಿ ಕೇಳೋ ಹಕ್ಕು ಊರಲ್ಲಿರುವವರಿಗೂ ಇದೆ, ಹಬ್ಬಕ್ಕೆ ಹೋಗಿಬರುವ ನಮಗೂ ಇದೆ. ಈ ಸಲ ದಸರೆಗೆ ಹೋದಾಗ ನಾವಿಬ್ಬರೂ ಕೇಳಬೇಕು ಅಂತ ಮಾತಾಡಿಕೊಂಡಿದ್ದೇವೆ.